ಮೂರು ಬೆರಳಿನ ಬರ್ಗರ್

ಅವರು ತೀರಿಕೊಂಡ ಸುದ್ದಿ ನಮ್ಮ ನಾಸಿಕದ ಸಾತಪುರದ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೆಳಗೆ ಯಾರೋ ಪುಣ್ಯಾತ್ಮ ಬರೆದಿದ್ದ: "ಸದಾ ಹಸನ್ಮುಖಿ, ಮೃದುಭಾಷಿ, ಶಾಂತ ಸ್ವಭಾವದ ತಾಯಿ." ಅದರ ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಓದಿ ನನಗೆ ಮೈಯೆಲ್ಲ ಉರಿದುಹೋಯಿತು. ಹಸನ್ಮುಖಿಯಂತೆ! ಮೃದುಭಾಷಿಯಂತೆ! ಇದನ್ನು ಬರೆದವನು ಅವರ ಮನೆಯ ಹೊಸ್ತಿಲನ್ನೂ ತುಳಿದಿರಲಿಕ್ಕಿಲ್ಲ. ಸತ್ತವರನ್ನೆಲ್ಲ ಒಂದೇ ಅಚ್ಚಿನಲ್ಲಿ ಹಾಕಿ ತೆಗೆಯುವ ಈ ಅಭ್ಯಾಸ ನನಗೆ ಸೇರುವುದಿಲ್ಲ.

ಅವರು ಸಿಟ್ಟಿನ ಮನುಷ್ಯರು. ಗ್ಯಾಸಿನವನ ಮೇಲೆ ಸಿಟ್ಟು, ತರಕಾರಿಯವನ ಮೇಲೆ ಸಿಟ್ಟು, ಬಾರದ ನಲ್ಲಿ ನೀರಿನ ಮೇಲೆ ಸಿಟ್ಟು, ನನ್ನ ಮೇಲಂತೂ ದಿನಾಲೂ ಸಿಟ್ಟು. ಆ ಸಿಟ್ಟಿನಿಂದಲೇ ನಾನು ಇವತ್ತು ಬಾಯಿ ತುಂಬ ಉಣ್ಣುತ್ತಿದ್ದೇನೆ. ಅದನ್ನು ಮೃದು, ಶಾಂತ ಅಂತ ತೊಳೆದುಹಾಕಿದರೆ ನಾನು ಸುಮ್ಮನಿರಲಾರೆ. ಹೆಸರು ಮಾತ್ರ ಬರೆಯುವುದಿಲ್ಲ, ಅವರ ಮಗಳಿಗೆ ಅದು ಹಿಡಿಸುವುದಿಲ್ಲ. ನಾವು ಕನ್ನಡದವರೆಲ್ಲ ಅವರನ್ನು ಅಕ್ಕಾರು ಅನ್ನುತ್ತಿದ್ದೆವು, ಮರಾಠಿ ಹುಡುಗರು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಇಲ್ಲಿಯೂ ಅಕ್ಕಾರು ಎಂದೇ ಇರಲಿ.

ಅಕ್ಕಾರದು ಇಳಕಲ್ಲಿನ ಕಡೆಯ ಊರು. ಗಂಡ ನೇಕಾರ. ನಾಸಿಕದ ಕಡೆಯ ಯೇವಲಾದಲ್ಲಿ ಪೈಠಣಿ ಸೀರೆಯ ಮಗ್ಗಕ್ಕೆ ಕೈಗಳು ಬೇಕೆಂದು ಕೇಳಿ ಹೆಂಡತಿ, ಮಗಳನ್ನು ಕರೆದುಕೊಂಡು ಬಂದವನು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತನೆಂದರೆ ದವಡೆಯಲ್ಲಿ ಗುಟ್ಕಾ ಇರಲೇಬೇಕು. ಬಾಯಿಯ ಕ್ಯಾನ್ಸರ್ ಆಗಿ ಸತ್ತ. ಕಡೆಗೆ ಗಂಜಿಯನ್ನೂ ಮೂಗಿನ ನಳಿಕೆಯಿಂದ ಹಾಕಬೇಕಾಯಿತಂತೆ. ಅಕ್ಕಾರು ಮಗಳೊಂದಿಗೆ ನಾಸಿಕಕ್ಕೆ ಬಂದು, ಸಾತಪುರದ ಕಾರ್ಖಾನೆಗಳ ಹಿಂದೆ ಎರಡು ಖೋಲಿ ಹಿಡಿದು ಖಾನಾವಳಿ ಶುರು ಮಾಡಿದರು. ಅಲ್ಲೇ ಕೂತು ಉಣ್ಣುವವರು ಉಣ್ಣುತ್ತಿದ್ದರು, ಉಳಿದವರಿಗೆ ಡಬ್ಬಿ ಹೋಗುತ್ತಿತ್ತು. ನಾನು ಡಬ್ಬಿಯ ಗಿರಾಕಿ. ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಅನ್ನುವ ಕೆಲಸ ನನ್ನದು. ಹೆಂಡತಿ, ಮಗಳು ಜಮಖಂಡಿಯಲ್ಲಿ, ನಾನೊಬ್ಬನೇ ಇಲ್ಲಿ.

ಅಕ್ಕಾರು ಗಿಡ್ಡ ಆಳು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೊಳಕೈವರೆಗೆ ಜೋಳದ ಹಿಟ್ಟು ಮೆತ್ತಿಕೊಂಡು, ಜಗಳಕ್ಕೆ ಹೊರಟವರಂತೆ ನಡೆಯುತ್ತಿದ್ದರು. ಅವರ ಸಿಟ್ಟಿನಲ್ಲಿ ಮೆಟ್ಟಿಲುಗಳಿದ್ದವು. ಸಾದಾ ಸಿಟ್ಟಿದ್ದರೆ "ಏ ಮಂಗ್ಯಾ". ಸ್ವಲ್ಪ ಏರಿದರೆ "ಖೋಡಿ". ನಿಜವಾಗಿ ತಲೆ ಕೆಟ್ಟಾಗ ಮಾತ್ರ ಬಹುವಚನ ಬರುತ್ತಿತ್ತು: "ಬರ್ರಿ ಸಾಹೇಬ್ರ, ಕೂಡ್ರಿ." ಆ ಬಹುವಚನ ಕಿವಿಗೆ ಬಿದ್ದರೆ ಖಾನಾವಳಿಯ ಗಂಡಸರು ಅರ್ಧ ತಾಟು ಬಿಟ್ಟು ಕೈತೊಳೆಯಲು ಏಳುತ್ತಿದ್ದರು.

ತಿರುಗಿ ಬಂದ ಪ್ರತಿ ಡಬ್ಬಿಯನ್ನೂ ತೊಳೆಯುವ ಹೆಂಗಸಿಗೆ ಕೊಡುವ ಮೊದಲು ಅಕ್ಕಾರು ತಾವೇ ತೆರೆದು ನೋಡುತ್ತಿದ್ದರು. ಯಾರು ಏನು ಬಿಟ್ಟಿದ್ದಾರೆ, ಎಷ್ಟು ಬಿಟ್ಟಿದ್ದಾರೆ ಅನ್ನುವುದರ ಮೇಲೆ ಆ ಮನುಷ್ಯನ ಜಾತಕ ಹೇಳುತ್ತಿದ್ದರು. ಅನ್ನ ಬಿಟ್ಟವನು ಕುಡಿದಿದ್ದಾನೆ. ಎಲ್ಲವನ್ನೂ ಅರ್ಧ ಬಿಟ್ಟವನು ಊರಿನಿಂದ ಬಂದ ಫೋನಿನಲ್ಲಿ ಜಗಳಾಡಿದ್ದಾನೆ. ನನ್ನ ಡಬ್ಬಿಯಲ್ಲಿ ಮೊದಲು ರೊಟ್ಟಿ ಹಾಗೇ ವಾಪಸು ಬರತೊಡಗಿತು. ಆಮೇಲೆ ಖಾರದ ಪಲ್ಯ. ಆಮೇಲೆ ಚಪಾತಿಯೂ. ಅನ್ನ, ಹಾಲು ಮಾತ್ರ ಖಾಲಿ. ಮೂರು ವಾರ ನೋಡಿದರು. ನಾಲ್ಕನೆಯ ವಾರ ನಾನು ತಿಂಗಳ ಡಬ್ಬಿಗೆ ಹೇಳಲು ಹೋದಾಗ ಕೈಹಿಡಿದು ಒಳಗೆ ಎಳೆದರು.

"ಬಾಯಿ ತಗಿ."

"ಏನಿಲ್ರಿ ಅಕ್ಕಾರ, ಸ್ವಲ್ಪ ಹೊಟ್ಟಿ..."

"ಹೊಟ್ಟಿ ಸುದ್ದಿ ಬ್ಯಾಡ. ಬಾಯಿ ತಗಿ ಅಂದೆ."

ತೆರೆದೆ. ತೆರೆಯಲಿಕ್ಕೆ ಇದ್ದದ್ದೇ ಅಷ್ಟು. ತಮ್ಮ ಬೆರಳನ್ನು ನನ್ನ ಮೇಲಿನ ಹಲ್ಲು, ಕೆಳಗಿನ ಹಲ್ಲಿನ ನಡುವೆ ಇಟ್ಟು ನೋಡಿದರು. ಒಂದು ಬೆರಳು ಹೋಯಿತು, ಎರಡನೆಯದು ಹೋಗಲಿಲ್ಲ. ಆಮೇಲೆ ಕೈಯಲ್ಲಿದ್ದ ಸೌಟನ್ನು ಗೋಡೆಗೆ ಒಗೆದರು. ಗೋಡೆಯ ಮೇಲೆಲ್ಲ ಬ್ಯಾಳಿ.

"ನನ್ನ ಮನಿ ಅನ್ನಾ ಉಂಡು, ಅದರ ಮ್ಯಾಲ ಆ ಹೊಲಸ ತಿಂತಿ ನೀ? ನನ್ನ ಗಂಡನ್ನ ನುಂಗಿದ್ದು ಸಾಲಲಿಲ್ಲೇನು ಅದಕ್ಕ? ಎಷ್ಟ ವರ್ಷ ಆತು?"

"ಆರ್ರಿ."

"ನಾಳಿ ಮುಂಜಾನೆ ಸಾಹೇಬ್ರು ನಮ್ಮ ಜೋಡಿ ದವಾಖಾನಿಗೆ ಬರಬೇಕ್ರಿ," ಅಂದರು. ಬಹುವಚನ ಬಂದಿತ್ತು. ಹೋದೆ.

ಇಲ್ಲಿ ಗುಟ್ಕಾ ಬಂದ್ ಆಗಿ ಎಷ್ಟೋ ವರ್ಷವಾಯಿತಂತೆ. ಬಂದ್ ಅಂದರೆ ಏನು ಗೊತ್ತೇನು? ಪಾನಿನ ಟಪರಿಯವನು ಮೊದಲು ಎದುರಿಗೆ ಮಾಲೆ ಮಾಡಿ ತೂಗುಹಾಕುತ್ತಿದ್ದ, ಈಗ ಕಾಲ ಬುಡದ ಡಬ್ಬದಿಂದ ತೆಗೆದು ಕೊಡುತ್ತಾನೆ. ಇಷ್ಟೇ ವ್ಯತ್ಯಾಸ. ಶಿಫ್ಟು ಬಿಡುವ ಹೊತ್ತಿಗೆ ಸಾತಪುರದ ರಸ್ತೆಯಲ್ಲಿ ನಿಂತು ನೋಡಿ, ಬೈಕಿನ ಮೇಲೆ ಹೋಗುವ ಹತ್ತು ಜನರಲ್ಲಿ ಎಷ್ಟು ಜನ ಕತ್ತು ವಾರೆ ಮಾಡಿ ಉಗುಳುತ್ತಾರೆ ಅಂತ. ನಿದ್ದೆ ಬರಬಾರದು, ಯಂತ್ರದ ಮುಂದೆ ಕೈ ನಡುಗಬಾರದು ಅಂತ ನಾನೂ ಶುರು ಮಾಡಿದೆ. ಮಿಲಿಮೀಟರಿನ ನೂರನೇ ಒಂದು ಪಾಲು ತಪ್ಪಿದರೆ ಲೋಹದ ತುಂಡನ್ನು ಎತ್ತಿ ಒಗೆಯುವ ನಾನು, ನನ್ನ ಬಾಯಿ ಪ್ರತಿ ತಿಂಗಳೂ ಕಿರಿದಾಗುವುದನ್ನು ಅಳೆಯಲಿಲ್ಲ. ನನ್ನಂಥ ಮೂರ್ಖರನ್ನು ಯಾವ ಡಬ್ಬದಲ್ಲಿ ಒಗೆಯಬೇಕು?

ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಗಲ್ಲದ ಒಳಚರ್ಮ ಹಗ್ಗದ ಹಾಗೆ ಬಿರುಸಾಗಿದೆ, ಬಿಡದಿದ್ದರೆ ಬಾಯಿ ಪೂರ್ತಿ ಮುಚ್ಚುತ್ತದೆ, ಮುಂದೆ ಕ್ಯಾನ್ಸರಿಗೆ ತಿರುಗಿದರೆ ಒಳಗೆ ಇಣುಕಿ ನೋಡಲಿಕ್ಕೂ ದಾರಿ ಇರುವುದಿಲ್ಲ ಅಂದರು. ಅಕ್ಕಾರು ಆಗ ಔಷಧದ ಚೀಟಿ ಹಿಡಿದು ಹೊರಗೆ ಸಾಲಿನಲ್ಲಿ ನಿಂತಿದ್ದರು. ಡಾಕ್ಟರು ಬೆರಳು ಮಡಚುತ್ತ ಹಿಂದಿಯಲ್ಲಿ ನನಗೆ ಹೇಳಿದರು: "ಗುಟ್ಕಾ, ಮಾವಾ, ಖೈನಿ, ಸುಪಾರಿ, ಮಿಶ್ರಿ. ಸಬ್ ಬಂದ್." ಗಲ್ಲಕ್ಕೆ ಸೂಜಿ ಚುಚ್ಚಿದರು. ಒಂದು ಕಟ್ಟು ಐಸ್‌ಕ್ರೀಮ್ ಕಡ್ಡಿ ಕೊಟ್ಟರು. ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲಿನ ನಡುವೆ ಕಚ್ಚಿ ಹಿಡಿಯಬೇಕು, ದಿನಕ್ಕೆ ಐದು ಸಲ. ಕೆಲವು ದಿನಕ್ಕೊಮ್ಮೆ ಒಂದು ಕಡ್ಡಿ ಹೆಚ್ಚಿಸಬೇಕು. ಹಾಗೆ ಬಾಯಿ ಹಿಗ್ಗಬೇಕು. ಗುಟ್ಕಾ ಬಿಟ್ಟೆ. ಕಡ್ಡಿಯನ್ನು ಎಂಟು ದಿನ ಮಾಡಿದೆ. ಕಣ್ಣಲ್ಲಿ ನೀರು ಬರುತ್ತಿತ್ತು. ಒಂಬತ್ತನೆಯ ದಿನ ಕಡ್ಡಿಗಳನ್ನು ಅಲಮಾರಿಯ ಮೇಲೆ ಇಟ್ಟೆ.

ದೀಪಾವಳಿಗೆ ಹೆಂಡತಿ, ಮಗಳು ನಾಸಿಕಕ್ಕೆ ಬಂದರು. ಮಗಳಿಗೆ ಏಳು ವರ್ಷ. ಬರ್ಗರ್ ಬೇಕು ಅಂದಳು. ಕಾಲೇಜು ಹುಡುಗರು ತುಂಬಿದ ಒಂದು ಅಂಗಡಿಗೆ ಕರೆದುಕೊಂಡು ಹೋದೆ. ಅವಳದು ಅವಳು ತಿಂದಳು. ನನ್ನದು ಬಾಯಿಯೊಳಗೆ ಹೋಗಲಿಲ್ಲ. ಒತ್ತಿದೆ, ತಿರುಗಿಸಿದೆ, ಕಡೆಗೆ ಬಿಚ್ಚಿ ಚೂರು ಮಾಡಿ ತುಟಿಯ ಸಂದಿಯಿಂದ ತೂರಿಸತೊಡಗಿದೆ. ಮಗಳು ಎಲ್ಲರಿಗೂ ಕೇಳುವಂತೆ, "ಅವ್ವಾ, ಅಪ್ಪಗ ಬಾಯಿ ತಗ್ಯಾಕ ಬರೂದಿಲ್ಲ," ಅಂದಳು. ಬಾಜು ಟೇಬಲ್ಲಿನ ಹುಡುಗರಿಗೆ ಕನ್ನಡ ಬರದಿದ್ದರೂ ನನ್ನ ಪಾಡು ಕಂಡು ನಕ್ಕರು. ಹೆಂಡತಿ ತಲೆ ತಗ್ಗಿಸಿದಳು. ಅವಳಿಗೆ ನಾನು ಅಲ್ಲಿಯತನಕ ಹಲ್ಲುನೋವು ಅಂತ ಸುಳ್ಳು ಹೇಳಿಕೊಂಡು ಬಂದಿದ್ದೆ.

ಅವರು ಊರಿಗೆ ಹೋದಮೇಲೆ ಇದನ್ನು ಅಕ್ಕಾರ ಮುಂದೆ ಹೇಳಿಕೊಂಡೆ. ಸಮಾಧಾನ ಮಾಡಿಯಾರು ಅಂತ ಅಂದುಕೊಂಡಿದ್ದೆ. ಎಲ್ಲಿಯ ಸಮಾಧಾನ!

"ಕಡ್ಡಿ ಏನಾದ್ವು?"

"ಬ್ಯಾನಿ ಆಕ್ಕಿತ್ರಿ, ಬಿಟ್ಟೆ."

"ಬ್ಯಾನಿ ಆಕ್ಕಿತ್ತಂತ! ಖೋಡಿ! ಆ ಬರ್ಗರ್ ಅನ್ನೂದೊಂದು ತಂದು ಕೊಡು ನನಗ. ಹೋಗು, ಈಗ ತಾ."

ತಂದೆ. ಅಕ್ಕಾರು ಅದಕ್ಕಿಂತ ಮೊದಲು ಬರ್ಗರ್ ಕಂಡವರಲ್ಲ. ತಾಟಿನಲ್ಲಿಟ್ಟು ಪದರ ಪದರ ಬಿಚ್ಚಿ, ಮೂಸಿ, ಪ್ರತಿ ಪದರಕ್ಕೂ ಬೆರಳು ಆನಿಸಿ ಅಳೆದರು. "ಒಣಾ ಪಾವು. ನಡುವ ಆಲೂಗಡ್ಡಿ ವಡಿ. ಮ್ಯಾಲ ದನಕ್ಕ ಹಾಕೂವಂಥ ಹಸಿ ತಪ್ಪಲ. ಇಷ್ಟಕ್ಕ ಇಷ್ಟು ಡೌಲೇನು?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಮನಷ್ಯಾ ಕಡ್ಡಿಗೆ ಬಾಯಿ ತಗಿಯೂದಿಲ್ಲ, ಊಟಕ್ಕ ತಗಿತಾನ. ಐತವಾರ ಬಾ. ಬರಲಿಲ್ಲಂದ್ರ ಡಬ್ಬಿ ಬಂದ್," ಅಂದರು.

ಹೀಗೆ ಶುರುವಾಯಿತು ಅಕ್ಕಾರ ಬರ್ಗರ್. ಈಗ ಮೊಬೈಲಿನಲ್ಲಿ ನೋಡುತ್ತೇನೆ, ಮನೆಯಲ್ಲೇ ಬಗೆಬಗೆಯ ಬರ್ಗರ್ ಮಾಡುವುದು ಹೇಗೆ ಅಂತ ನಗುನಗುತ್ತ ತೋರಿಸುವ ವಿಡಿಯೋಗಳು. ಐದು ನಿಮಿಷವಂತೆ. ನೋಡಿದರೆ ಫೋನನ್ನೇ ಒಗೆಯಬೇಕು ಅನಿಸುತ್ತದೆ. ಇಲ್ಲೊಬ್ಬ ಹೆಂಗಸು ಹದಿನಾಲ್ಕು ತಿಂಗಳು, ಪ್ರತಿ ಭಾನುವಾರ, ಒಬ್ಬ ಪರರ ಮನೆಯ ಗಂಡಸಿನ ಮುಚ್ಚಿದ ಬಾಯಿ ಎಷ್ಟು ಹಿಗ್ಗಿದೆ ಎಂದು ಬೆರಳಿನಿಂದ ಅಳೆದು ಅಷ್ಟೇ ಎತ್ತರದ ಬರ್ಗರ್ ಮಾಡಿದಳು. ಅದರ ವಿಡಿಯೋ ಯಾರೂ ಮಾಡಲಿಲ್ಲ.

ಮೊದಲನೆಯದು ಒಂದು ಬೆರಳಿನದು. ಪಾವಿನ ಮೇಲಿನ ಸಿಪ್ಪೆ, ಕೆಳಗಿನ ಸಿಪ್ಪೆ ಮಾತ್ರ ಕೊಯ್ದು, ರೊಟ್ಟಿಯ ಹಂಚಿನ ಮೇಲಿಟ್ಟು ಮತ್ತೊಂದು ಹಂಚಿನಿಂದ ಒತ್ತಿದರು. ನಡುವೆ ಕಡಲೆಹಿಟ್ಟಿನ ಝುಣಕದ ವಡಿ, ಲೋಟದ ಬಾಯಿಂದ ದುಂಡಗೆ ಕೊಯ್ದದ್ದು. ಖಾರ ಹಾಕುವಂತಿಲ್ಲ, ಹಾಕಿದರೆ ನನ್ನ ಬಾಯಿ ಬೆಂಕಿ. ಇಳಕಲ್ಲಿನ ಹೆಣ್ಣುಮಗಳಿಗೆ ಖಾರವಿಲ್ಲದೆ ಅಡಿಗೆ ಮಾಡು ಅನ್ನುವುದು ಎಂಥ ಶಿಕ್ಷೆ! "ಇದು ಊಟಲ್ಲ, ಬಾಣಂತಿ ಪಥ್ಯ. ನನ್ನ ಕೈ ಹಾಳ ಮಾಡಿದಿ ನೀ," ಅಂತ ಬೈಯುತ್ತಲೇ ಕಲಿತರು. ಅಂಗಡಿಯ ಕೆಂಪು ಸಾಸು ಉರಿಯುತ್ತದೆಂದು ದ್ರಾಕ್ಷಿಯ ಸಾಸು ಮಾಡಿದರು. ಖಾನಾವಳಿಗೆ ಬರುತ್ತಿದ್ದ ದಿಂಡೋರಿಯ ಟೆಂಪೋ ಡ್ರೈವರ್ ಗೊನೆಯಿಂದ ಉದುರಿದ ಹಣ್ಣು ಚೀಲ ತುಂಬಿ ತರುತ್ತಿದ್ದ. ಅದನ್ನು ಬೆಲ್ಲ, ಜೀರಿಗೆ ಹಾಕಿ ಕುದಿಸಿ ಸೋಸುತ್ತಿದ್ದರು. ಬಿಳಿ ಸಾಸಿಗೆ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರಿಗೆ ನುಣ್ಣಗೆ ಅರೆದ ಶೇಂಗಾ. ಹಸಿ ಉಳ್ಳಾಗಡ್ಡಿ ಚುಚ್ಚುತ್ತದೆಂದು ಇಡೀ ಗಡ್ಡೆಯನ್ನು ಸಿಪ್ಪೆ ಸಮೇತ ಸುಟ್ಟು, ಸಿಹಿಯಾದ ಮೇಲೆ ಬಿಲ್ಲೆ ಮಾಡಿ ಇಡುತ್ತಿದ್ದರು.

ಪಾವು ಒರಟು ಅನ್ನಿಸಿ ಬನ್ನನ್ನೂ ತಾವೇ ಮಾಡಹೊರಟರು. ಗೋಧಿ ಹಿಟ್ಟಿಗೆ ಹುಳಿ ಮೊಸರು, ಸೋಡಾ ಹಾಕಿ ನಾದಿ, ಬಟ್ಟಲಿನಲ್ಲಿಟ್ಟು, ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಸೀಟಿ ತೆಗೆದು ಬೇಯಿಸಿದರು. ಮೊದಲ ಸಲದ್ದು ತೂಕದ ಕಲ್ಲಾಗಿತ್ತು. ಅಂಗಳಕ್ಕೆ ಒಗೆದರು, ನಾಯಿಯೂ ಮೂಸಲಿಲ್ಲ. ನಾನು ನಕ್ಕೆ. ನಕ್ಕದ್ದಕ್ಕೆ ಆ ಕಲ್ಲನ್ನೇ ತೊಳೆದು ತಿನ್ನಿಸುತ್ತೇನೆಂದು ಬೆನ್ನುಹತ್ತಿದರು. ಮೂರನೆಯ ವಾರಕ್ಕೆ ಬನ್ನು ಅರಳೆಯಂತೆ ಬಂತು. ಮೊಳಕೆ ಮಡಿಕೆಕಾಳಿನ ಟಿಕ್ಕಿ, ಸೋರೆಕಾಯಿ ತುರಿದು ಕಡಲೆಹಿಟ್ಟು ಕಲಸಿದ ಟಿಕ್ಕಿ, ಬೀಟ್‌ರೂಟಿನ ಟಿಕ್ಕಿ, ಎಲ್ಲ ಬಂದವು. ಟಿಕ್ಕಿಯನ್ನು ಅಂಗೈಯಲ್ಲಿ ರೊಟ್ಟಿ ಬಡಿದಂತೆ ಬಡಿದೇ ದುಂಡಗೆ ಮಾಡುತ್ತಿದ್ದರು. ಹೋಳಿಹುಣ್ಣಿಮೆಗೆ ಹೋಳಿಗೆಯ ಹೂರಣವನ್ನೇ ತುಪ್ಪದಲ್ಲಿ ಹುರಿದು ಬನ್ನಿನ ನಡುವೆ ಇಟ್ಟುಕೊಟ್ಟರು. ಅಷ್ಟು ರುಚಿಯಾದ ಬರ್ಗರನ್ನು ನಾನು ಮತ್ತೆ ಎಲ್ಲಿಯೂ ತಿಂದಿಲ್ಲ.

ತಿನ್ನುವುದಕ್ಕೂ ಕಟ್ಟುನಿಟ್ಟು. ಎರಡೂ ಕೈಯಲ್ಲಿ ಎತ್ತಬೇಕು. ಒತ್ತಿ ತೆಳ್ಳಗೆ ಮಾಡಬಾರದು, ಮುರಿಯಬಾರದು. ಮೇಲಿನ ಬನ್ನಿನಿಂದ ಕೆಳಗಿನ ಬನ್ನಿನವರೆಗೆ ಒಂದೇ ಸಲ ಕಚ್ಚಬೇಕು. ಒತ್ತಿದ್ದು ಕಂಡರೆ ಬೆರಳ ಗಂಟಿನ ಮೇಲೆ ಸೌಟಿನ ಏಟು. ದವಡೆ ಕಿತ್ತು ಬರುವಂತೆ ನೋಯುತ್ತಿತ್ತು. ನಾನು ನರಳಿದರೆ ಅವರು ಇನ್ನೂ ಜೋರು: "ಹೆಣ್ಣಮಕ್ಕಳು ಹಡಿತಾರೋ, ಇದೇನ ಮಹಾ ನೋವು! ಕಚ್ಚು!" ಹಾಗೆ ಕೂಗಿ ಮುಂದಿನ ವಾರಕ್ಕೆ ಕಡ್ಡಿಯಷ್ಟು ದಪ್ಪ ಏರಿಸುತ್ತಿದ್ದರು.

ಒಂದು ಸಲ ಜಾರಿದೆ. ಐದನೆಯ ತಿಂಗಳು. ಶಿಫ್ಟು ಬಿಟ್ಟಮೇಲೆ ಟಪರಿಯಲ್ಲಿ ಜೊತೆಯವನೊಬ್ಬ ಪಾಕೀಟು ಹರಿದು ಕೈಗೆ ಸುರಿದ, ಬೇಡ ಅನ್ನಲಿಲ್ಲ. ಒಂದಾಯಿತು, ವಾರದಲ್ಲಿ ಆರಾಯಿತು. ಭಾನುವಾರ ಅಕ್ಕಾರ ಮುಂದೆ ಬಾಯಿ ತೆರೆದದ್ದೇ ತಡ, ಗುಟ್ಕಾದ ಅತ್ತರಿನ ವಾಸನೆ ಅವರ ಮೂಗಿಗೆ ಹೊಡೆಯಿತು. ತಯಾರಾಗಿ ತಾಟಿನಲ್ಲಿದ್ದ ಬರ್ಗರನ್ನು ಒಯ್ದು ಓಣಿಯ ಆಕಳ ಮುಂದಿಟ್ಟರು. "ಹೋಗಿ ಬರ್ರಿ ಸಾಹೇಬ್ರ," ಅಂದು ಬಾಗಿಲು ಹಾಕಿಕೊಂಡರು.

ಡಬ್ಬಿ ಬರುತ್ತಿತ್ತು, ಬರ್ಗರ್ ನಿಂತಿತು. ಎರಡು ಭಾನುವಾರ ಹೋದವು. ಹೆದರಿ ಅಲಮಾರಿಯ ಕಡ್ಡಿ ತೆಗೆದು ನೋಡಿಕೊಂಡರೆ ಮೊದಲಿಗಿಂತ ಎರಡು ಕಡ್ಡಿ ಕಮ್ಮಿ. ಮೂರನೆಯ ಭಾನುವಾರ ಹೋಗಿ ಮಧ್ಯಾಹ್ನದ ಬಿಸಿಲಲ್ಲಿ ಅವರ ಬಾಗಿಲಿಗೆ ನಿಂತೆ. ಉಣ್ಣುವವರೆಲ್ಲ ಉಂಡು ಹೋಗುವತನಕ ನಿಲ್ಲಿಸಿದರು.

"ನನ್ನ ಗಂಡ ಸತ್ತಾಗ ನಾ ಅಳಲಿಲ್ಲ, ಸಿಟ್ಟ ಬಂತು ನನಗ," ಅಂದರು. "ಇವತ್ತಿಗೂ ಅಂವನ ಮ್ಯಾಲ ಸಿಟ್ಟ ಐತಿ. ನಿನ್ನ ಹೇಣ್ತಿ ಹಂಗ ಇರಬೇಕೇನು? ಆ ಕೂಸಿನ ಮಾರಿ ನೆನಸಿಕೊ. ಇನ್ನೊಮ್ಮೆ ವಾಸನಿ ಬಂದ್ರ ಈ ಬಾಗಲಾ ನಿನಗ ತಗಿಯೂದಿಲ್ಲ."

ಅವತ್ತೇ ಕಡೆ, ಮತ್ತೆ ಮುಟ್ಟಲಿಲ್ಲ. ಆದರೆ ಅವತ್ತಿನಿಂದ ನನ್ನೊಳಗೆ ಒಂದು ಅಂಜಿಕೆ ಕೂತಿತು. ಅಕ್ಕಾರು ಸಿಟ್ಟಾದರೆ ಬರ್ಗರ್ ನಿಲ್ಲುತ್ತದೆ, ಬರ್ಗರ್ ನಿಂತರೆ ಬಾಯಿ ಮುಚ್ಚುತ್ತದೆ.

ಇನ್ನು ಹೇಳಲೇಬೇಕಾದದ್ದನ್ನು ಹೇಳುತ್ತೇನೆ. ಭಾನುವಾರ ನಾನು ಬೇಗ ಹೋದರೆ ಅಕ್ಕಾರು ಹಿತ್ತಲ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿರುತ್ತಿದ್ದರು. ತೋರುಬೆರಳಿಗೆ ಕರಿಯ ಪುಡಿ ಹಚ್ಚಿಕೊಂಡು ವಸಡಿಗೆ ತಿಕ್ಕಿ, ತುಟಿ ಮುಚ್ಚಿ, ಕಾಲು ತಾಸು ಹಾಗೇ ಕೂತಿರುತ್ತಿದ್ದರು. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಸಂಜೆ ಒಮ್ಮೆ. ಅದು ಮಿಶ್ರಿ. ಈ ಕಡೆಯ ಹೆಂಗಸರಲ್ಲೂ ನಮ್ಮ ಕಡೆಯ ಹೆಂಗಸರಲ್ಲೂ ಎಷ್ಟೋ ಜನರಿಗೆ ಇದರ ರೂಢಿ. ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕರ್ರಗಾಗುವಂತೆ ಹುರಿದು ಪುಡಿ ಮಾಡಿದರೆ ಮಿಶ್ರಿ. ಒಂದು ದಿನ ಅವರು ಹುರಿಯುತ್ತಿದ್ದಾಗ ಹೋಗಿ ಘಾಟಿಗೆ ಸೀನತೊಡಗಿದೆ. "ಏನ್ರಿ ಅಕ್ಕಾರ ಇದು, ತಂಬಾಕೇನ್ರಿ?" ಅಂದೆ.

"ತಂಬಾಕ ಇತ್ತು. ಈಗ ಔಷಧ," ಅಂದರು, ದೊಡ್ಡ ಜಂಬದಿಂದ. "ಸುಟ್ಟ ಮ್ಯಾಲ ಅದರಾಗ ವಿಷ ಎಲ್ಲಿ ಉಳಿತೈತಿ? ಬೆಂಕಿ ಎಲ್ಲಾ ತಿಂತೈತಿ. ಬೂದಿ ಅಷ್ಟ ಇದು. ನಮ್ಮವ್ವ ತಿಕ್ಕತಿದ್ಲು, ನಮ್ಮ ಅತ್ತಿ ತಿಕ್ಕತಿದ್ರು. ನನ್ನ ಹಲ್ಲು ನೋಡು, ಒಂದರೆ ಅಳ್ಳಾಡ್ತೈತೇನು? ನಾ ಏನ ನಿಮ್ಮಂಗ ತಿಂದು ಉಗಳತೇನಿ?"

ಡಾಕ್ಟರು ಬೆರಳು ಮಡಚಿ ಹೇಳಿದ ಐದು ಹೆಸರು ನನ್ನ ಕಿವಿಯಲ್ಲಿದ್ದವು. ಐದನೆಯದು ಇದೇ. ನಾನು ಏನೆಂದೆ ಗೊತ್ತೇ? "ಹೌದ್ರಿ ಅಕ್ಕಾರ," ಅಂದೆ. ಅಂದು, ಒಳಗೆ ಹೋಗಿ, ತಾಟಿನ ಮುಂದೆ ಕೂತೆ.

ಹದಿನಾಲ್ಕನೆಯ ತಿಂಗಳಿಗೆ ಡಾಕ್ಟರು ನನ್ನ ಕೈಯನ್ನೇ ಎತ್ತಿ ನನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗಿಟ್ಟರು. ಮೂರೂ ಹೋದವು. ಆರೋಗ್ಯವಂತನ ಬಾಯಿ ಇಷ್ಟೇ ಇರುತ್ತದೆ ಅಂದರು. ಇಷ್ಟು ನಿಷ್ಠೆಯಿಂದ ಕಡ್ಡಿ ಹಿಡಿದವರು ಕಡಿಮೆ ಅಂತ ಹೊಗಳಿದರು. ಜೊತೆಗೆ ಬಂದಿದ್ದ ಅಕ್ಕಾರಿಗೆ ತಡೆಯಲಿಲ್ಲ. "ಕಡ್ಡಿ ನಹೀ, ಬರ್ಗರ್! ಮೇರಾ ಬರ್ಗರ್!" ಅಂತ ಡಾಕ್ಟರ ಮೇಜು ಗುದ್ದಿದರು. ಹೊರಗೆ ಬಂದು ರಸ್ತೆಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನಾನು ನೋಡಿದೆನೆಂದು ತಿಳಿದು, "ಏನ ನೋಡ್ತಿ ಮಂಗ್ಯಾ, ರಿಕ್ಷಾ ಕರಿ," ಅಂತ ಗದರಿದರು.

ಮುಂದಿನ ರಜೆಗೆ ಮಗಳನ್ನು ಅದೇ ಅಂಗಡಿಗೆ ಕರೆದೊಯ್ದು ಇಡೀ ಬರ್ಗರನ್ನು ಒಂದೊಂದೇ ದೊಡ್ಡ ತುತ್ತಾಗಿ ಕಚ್ಚಿ ತಿಂದೆ. ರುಚಿ ಏನೂ ಇರಲಿಲ್ಲ. ಮಗಳು ಚಪ್ಪಾಳೆ ತಟ್ಟಿದಳು.

ಆಮೇಲೆ ಅಕ್ಕಾರ ಮೊಳಕಾಲು ಹಿಡಿದುಕೊಂಡವು. ಖಾನಾವಳಿ ಮುಚ್ಚಿ ಸಂಭಾಜಿನಗರದಲ್ಲಿದ್ದ ಮಗಳ ಮನೆಗೆ ಹೋದರು. ಅಳಿಯ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ತಿಂಗಳಿಗೊಮ್ಮೆ ಫೋನು ಮಾಡಿದರೆ ಅಲ್ಲಿಯ ನೀರಿನ ಬಗ್ಗೆ, ಅಳಿಯನ ಟೀವಿಯ ಬಗ್ಗೆ, ಕನ್ನಡ ಮರೆತ ಮೊಮ್ಮಕ್ಕಳ ಬಗ್ಗೆ ಮನಸಾರೆ ಬೈಯುತ್ತಿದ್ದರು. ಎರಡು ವರ್ಷ ಹೀಗೆ ಹೋಯಿತು. ಒಂದು ಸಲ ಮಾತು ತೊದಲಿತು. "ವಸಡಿನಾಗ ಒಂದು ಹುಣ್ಣಾಗೈತಿ, ಮಾಯವಲ್ದು," ಅಂದರು.

ಯೇವಲಾದ ಮೇಲೆ ಹೋಗುವ ಬಸ್ಸು ಹಿಡಿದು ಸಂಭಾಜಿನಗರಕ್ಕೆ ಹೋದೆ. ದೊಡ್ಡ ಆಸ್ಪತ್ರೆಯ ಮಂಚದ ಮೇಲೆ ಒಂದು ಗಲ್ಲ ಊದಿ, ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ದರು. ಅವರ ಬಾಯಿ ಒಂದು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಬಟ್ಟೆ ತೆಗೆದು, ಅರ್ಧಂಬರ್ಧ ಮಾತಿನಲ್ಲಿ ಸಿಟ್ಟು ಕಾರಿದರು. "ಒಂದ ಪಾಕೀಟು ಮುಟ್ಟಿಲ್ಲ ನಾ. ಒಂದ ಚೂರು ಸುಪಾರಿ ತಿಂದಿಲ್ಲ. ತಿಂದವರೆಲ್ಲಾ ಆರಾಮ ಅದಾರ. ನನಗ ಯಾಕ ಬಂತೋ ತಮ್ಮಾ?" ಅಲ್ಲಿಯ ಡಾಕ್ಟರು ಚಟಗಳ ಬಗ್ಗೆ ಕೇಳಿದಾಗ ಮಗಳು ಮಿಶ್ರಿ ಎಂದಿದ್ದಳಂತೆ. ಅದು ಚಟವಲ್ಲ, ಹಲ್ಲಿನ ಔಷಧ ಅಂತ ಅಕ್ಕಾರು ಡಾಕ್ಟರನ್ನೇ ಬೈದಿದ್ದರಂತೆ. ಎಲ್ಲ ಹೇಳಿ ನನ್ನ ಮುಖ ನೋಡಿದರು, ನೀನಾದರೂ ಹೇಳು ಅನ್ನುವ ಹಾಗೆ. ನಾನು ನೆಲ ನೋಡಿದೆ. ಎರಡು ತಿಂಗಳಿಗೆ ಹೋದರು.

ಮೂರನೆಯ ದಿನಕ್ಕೆ ಹೋದೆ. ಇಳಕಲ್ಲಿನಿಂದ, ಯೇವಲಾದಿಂದ ನೆಂಟರು ಬಂದಿದ್ದರು. ಬೆಳಿಗ್ಗೆ ಹಿತ್ತಲಲ್ಲಿ ಹೆಂಗಸರು ಸಾಲಾಗಿ ಕೂತು ಹಲ್ಲು ತಿಕ್ಕುತ್ತಿದ್ದರು. ಒಂದು ಸಣ್ಣ ತಗಡಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿತ್ತು. ಎಲ್ಲರ ಬೆರಳೂ ಕಪ್ಪು. ನಾನು ಹೋಗಿ ಆ ಡಬ್ಬಿಯನ್ನು ಕಸಿದುಕೊಂಡು ಮೋರಿಗೆ ಸುರಿದೆ. "ಇದನ್ನ ತಿಕ್ಕಿ ಸತ್ತಾರವರು! ಇದನ್ನ! ಅವರ ಮನ್ಯಾಗ ಕೂತು ಇದನ್ನ ತಿಕ್ಕತೀರಿ, ನಾಚಿಕಿ ಬರೂದಿಲ್ಲೇನು ನಿಮಗ?" ಅಂತ ಗಂಟಲು ಹರಿಯುವಂತೆ ಕೂಗಿದೆ. ಅಕ್ಕಾರ ಹಿರಿಯಕ್ಕ, ಎಪ್ಪತ್ತು ದಾಟಿದ ಮುದುಕಿ, ಬೆರಗಾಗಿ ನನ್ನನ್ನು ನೋಡಿ, "ಅದು ಸುಟ್ಟದ್ದೋ ತಮ್ಮಾ, ಬೂದಿ ಅದು," ಅಂದಳು.

ಗಂಡಸರು ಓಡಿಬಂದರು. ಮಗಳು ಅವರನ್ನೆಲ್ಲ ತಡೆದು ನನ್ನನ್ನು ಮನೆಯ ಸಂದಿಗೆ ಕರೆದೊಯ್ದಳು. ಅವಳದು ಯೇವಲಾ, ನಾಸಿಕದಲ್ಲಿ ಬೆಳೆದ ಕನ್ನಡ, ಅರ್ಧ ಮರಾಠಿ. ನಾನು ಅವಳಿಗೆ ಮಾಮಾ.

"ಮಾಮಾ, ಮಿಶ್ರೀದು ನಿಮಗ ಪೈಲೇ ಗೊತ್ತಿತ್ತು?"

"ಗೊತ್ತಿತ್ತವ್ವಾ."

"ಯಾವಾಗಿಂದ?"

"ನನ್ನ ಬಾಯಿ ತೋರಸಾಕ ನಿಮ್ಮವ್ವ ಕರಕೊಂಡು ಹೋದ್ರಲ್ಲ, ಆ ದಿನಾನ. ಡಾಕ್ಟರ ಹೇಳಿದ್ರು."

"ಆಯಿಗೆ ಯಾಕ ಹೇಳಲಿಲ್ಲ ನೀವು? ಆಕಿ ಯಾರ ಮಾತೂ ಕೇಳತಿರಲಿಲ್ಲ. ನಿಮ್ಮದು ಕೇಳತಿದ್ಲು."

ಎಷ್ಟೋ ಉತ್ತರಗಳಿದ್ದವು. ಹೇಳಿದ್ದರೂ ಒಪ್ಪುತ್ತಿರಲಿಲ್ಲ ಅನ್ನಬಹುದಿತ್ತು. ಹಿರಿಯರಿಗೆ ನಾನು ಹೇಗೆ ಹೇಳಲಿ ಅನ್ನಬಹುದಿತ್ತು. ಅವಳ ಮುಂದೆ ಯಾವ ಸುಳ್ಳೂ ಬಾಯಿಗೆ ಬರಲಿಲ್ಲ.

"ಸಿಟ್ಟಾಗಿ ನನಗ ಬರ್ಗರ್ ಮಾಡೂದು ನಿಲ್ಲಸ್ತಾರಂತ ಅಂಜಿದ್ನೆವ್ವಾ," ಅಂದೆ. "ಆಗ ನನ್ನ ಬಾಯಿ ಇನ್ನೂ ಎರಡ ಬೆರಳಿಗಷ್ಟ ಬಂದಿತ್ತು."

ಅವಳು ನನ್ನ ಬಾಯನ್ನೇ ನೋಡಿದಳು.

"ಮೂರು ಬೆರಳು ಆದಮ್ಯಾಲ?" ಅಂದಳು.

ಒಳಗಿನಿಂದ ಯಾರೋ ಎಲೆ ಹಾಕಿದೆ ಅಂತ ಕೂಗಿದರು. ಅವಳು ಹೋಗಿ ಒಬ್ಬೊಬ್ಬರನ್ನೇ ಊಟಕ್ಕೆ ಕರೆದು ಕೂಡಿಸತೊಡಗಿದಳು. ನನ್ನನ್ನು ಕರೆಯಲಿಲ್ಲ.